ಜೈಲೇ ತಿರುಗುತ್ತಿತ್ತೇ?

ಪ್ರಶ್ನೆ: ಅಮೆರಿಕದಲ್ಲಿ ಹಿಂದೆ ತಿರುಗುವ ಜೈಲುಗಳಿದ್ದವಂತೆ. ಕೈದಿಗಳು ಒಳಗೆ ಹೋಗಿ ಬರುತ್ತಿದ್ದುದು ಹೇಗೆ?

ಇದ್ದವು. ತಿರುಗುತ್ತಿದ್ದುದು ಇಡೀ ಕಟ್ಟಡವಲ್ಲ, ಒಳಗಿನ ಕೋಣೆಗಳ ಗುಂಪು ಮಾತ್ರ. ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್‌ನಲ್ಲಿ 1882ರಲ್ಲಿ ಕಟ್ಟಿದ ಮಾಂಟ್ಗೊಮರಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲನ್ನೇ ನೋಡಿ. ಮುಂಭಾಗದಲ್ಲಿ ಷೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಕುಟುಂಬ ವಾಸವಿದ್ದ ಇಟ್ಟಿಗೆಯ ಮನೆ. ಅದಕ್ಕೆ ಅಂಟಿಕೊಂಡು ಹಿಂದೆ ಸೆರೆಮನೆ. ಮನೆಗೆ ಬಂದ ನೆಂಟರಿಗೆ ಗೋಡೆಯಾಚೆ ಕಳ್ಳರಿದ್ದಾರೆಂದು ಹೇಳುತ್ತಿದ್ದರೋ ಇಲ್ಲವೋ! ಆ ಕಾಲದ ಕೌಂಟಿ ಜೈಲುಗಳಲ್ಲಿ ಈ ಏರ್ಪಾಡು ಸಾಮಾನ್ಯವಾಗಿತ್ತು. ಕೈದಿಗಳ ಅಡುಗೆ ಎಷ್ಟೋ ಕಡೆ ಷೆರಿಫನ ಹೆಂಡತಿಯ ಪಾಲಿಗೇ ಬೀಳುತ್ತಿತ್ತು.

ಈಗ ಹಿಂಭಾಗಕ್ಕೆ ಬನ್ನಿ. ಕಬ್ಬಿಣದ ದೊಡ್ಡ ಪೀಪಾಯಿಯನ್ನು ನೆಟ್ಟಗೆ ನಿಲ್ಲಿಸಿ, ಕಲ್ಲಂಗಡಿ ಹೋಳುಗಳಂತೆ ಸೀಳಿದ್ದಾರೆ ಎಂದುಕೊಳ್ಳಿ. ಒಂದೊಂದು ಹೋಳೂ ಒಂದು ಕೋಣೆ. ಎರಡು ಅಂತಸ್ತು, ಅಂತಸ್ತಿಗೆ ಎಂಟರಂತೆ ಒಟ್ಟು ಹದಿನಾರು. ಕೋಣೆಗಳಿಗೆ ಬಾಗಿಲೇ ಇಲ್ಲ, ಹೊರಮುಖ ಪೂರ್ತಿ ಬಯಲು. ಅದನ್ನು ಮುಚ್ಚುವುದು ಸುತ್ತಲೂ ಕದಲದೆ ನಿಂತ ಸರಳುಗಳ ಪಂಜರ. ಆ ಪಂಜರಕ್ಕೆ ಪ್ರತಿ ಅಂತಸ್ತಿನಲ್ಲೂ ಒಂದೇ ಒಂದು ದ್ವಾರ. ಕಾವಲುಗಾರ ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳು ಇಡೀ ಪೀಪಾಯಿಯನ್ನು ಬೀಸುಕಲ್ಲಿನಂತೆ ಸುತ್ತಿಸುತ್ತವೆ. ಬೇಕಾದ ಕೋಣೆ ದ್ವಾರದ ಎದುರಿಗೆ ಬಂದಾಗ ನಿಲ್ಲಿಸಿ ಒಬ್ಬನನ್ನು ಹೊರಗೆ ಬಿಡುವುದು. ಉಳಿದವರ ಮುಂದೆ ಸರಳುಗಳೇ.

ಇಂಡಿಯಾನಾಪೊಲಿಸ್‌ನ ವಿಲಿಯಂ ಬ್ರೌನ್ ಮತ್ತು ಬೆಂಜಮಿನ್ ಹಾ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಜೈಲರ್ ಕೈದಿಯ ಹತ್ತಿರಕ್ಕೂ ಹೋಗದೆ ಅವನನ್ನು ಹದ್ದುಬಸ್ತಿನಲ್ಲಿಡಬೇಕು ಎಂಬುದೇ ಅವರ ಉದ್ದೇಶ. ನನಗೆ ಇದಕ್ಕಿಂತ ಜಾಣತನ ಕಾಣುವುದು ಶೌಚದ ವ್ಯವಸ್ಥೆಯಲ್ಲಿ. ಪೀಪಾಯಿಯ ನಡುವಿನ ಟೊಳ್ಳು ಕಂಬದ ಮೂಲಕವೇ ಕೊಳವೆ, ಅದರಲ್ಲೇ ಗಾಳಿಯ ಸಂಚಾರ. ಕೈದಿಗಳಿಗೆ ಬಕೆಟ್ಟೇ ಗತಿಯಾಗಿದ್ದ ದಿನಗಳಲ್ಲಿ ಕೋಣೆಗೊಂದು ಶೌಚದ ಪೀಠವೆಂದರೆ ಸಣ್ಣ ಮಾತಲ್ಲ.

ಹಾಗಿದ್ದರೂ ಈ ಬಗೆಯ ಜೈಲುಗಳು ಬಾಳಲಿಲ್ಲ. ಕಾರಣ ಕೈ ಮತ್ತು ಕಾಲು. ಪೀಪಾಯಿ ತಿರುಗುವಾಗ ಕೈದಿಯೊಬ್ಬ ಸರಳಿನಾಚೆ ಕೈ ಚಾಚಿದ್ದರೆ, ನಿದ್ದೆಗಣ್ಣಿನಲ್ಲಿ ಕಾಲು ಹೊರಗಿದ್ದರೆ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಅದು ಜಜ್ಜಿಹೋಗುತ್ತಿತ್ತು. ಬೇಕೆಂದೇ ಏನಾದರೂ ತುರುಕಿ ಯಂತ್ರ ನಿಲ್ಲಿಸಲೂಬಹುದಿತ್ತು. ಬೆಂಕಿ ಬಿದ್ದರಂತೂ ಎಲ್ಲರನ್ನೂ ಆ ಒಂದೇ ದ್ವಾರದಿಂದ, ಒಂದೊಂದೇ ಕೋಣೆ ತಿರುಗಿಸುತ್ತಾ ಹೊರತರಬೇಕು. ಯಂತ್ರ ಸಿಕ್ಕಿಹಾಕಿಕೊಂಡರೆ ಅದೂ ಇಲ್ಲ. ಕ್ರಾಫರ್ಡ್ಸ್‌ವಿಲ್‌ನಲ್ಲಿ 1930ರ ದಶಕದಲ್ಲಿ ತಿರುಗಿಸುವುದನ್ನು ನಿಲ್ಲಿಸಿದರು. ಜೈಲು ಮಾತ್ರ 1970ರ ದಶಕದ ಆರಂಭದವರೆಗೂ ನಡೆಯಿತು.

ಈಗ ಅದು ವಸ್ತುಸಂಗ್ರಹಾಲಯ. ಇಂಥವೇ ಇನ್ನೆರಡು ಜೈಲುಗಳು ಅಯೋವಾದ ಕೌನ್ಸಿಲ್ ಬ್ಲಫ್ಸ್‌ನಲ್ಲೂ ಮಿಸೌರಿಯ ಗ್ಯಾಲಟಿನ್‌ನಲ್ಲೂ ಉಳಿದಿವೆ. ಅಳಿಲು ಪಂಜರ ಎಂಬುದು ಅವಕ್ಕೆ ಜನ ಇಟ್ಟ ಹೆಸರು. ಆ ಎರಡೂ ಈಗ ತಿರುಗುವುದಿಲ್ಲ. ಹಿಡಿಕೆ ಹಿಡಿದರೆ ಇವತ್ತಿಗೂ ತಿರುಗುವುದು ಕ್ರಾಫರ್ಡ್ಸ್‌ವಿಲ್‌ನದೊಂದೇ.