ದೊಡ್ಡ ಮೀನು ಮಾರಿ, ಉಳಿದದ್ದರಿಂದ ಮರಿ ಮಾಡಿದರೆ

ಮೀನು ಮಾರ್ಕೆಟ್ಟಿನಲ್ಲಿ ದಪ್ಪನೆಯ ರೋಹು ಕಂಡರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಇವೆಲ್ಲ ಇಂಜೆಕ್ಷನ್ ಕೊಟ್ಟು ಬೆಳೆಸಿದ್ದು ಬಿಡಿ." ಇಂಜೆಕ್ಷನ್ ಕೊಡುವುದು ನಿಜ. ಆದರೆ ಅದು ನಿಮ್ಮ ತಟ್ಟೆಗೆ ಬರುವ ಮೀನಿಗಲ್ಲ, ಅದರ ತಂದೆತಾಯಿಗೆ. ಅದೂ ದಪ್ಪ ಆಗಲಿ ಅಂತ ಅಲ್ಲ, ಮರಿ ಆಗಲಿ ಅಂತ.

ರೋಹು, ಕಾಟ್ಲಾ, ಮೃಗಾಲ್ ಮೂಲದಲ್ಲಿ ಹೊಳೆ ಮೀನುಗಳು. ಮಳೆಗಾಲದಲ್ಲಿ ಹೊಸ ನೀರು ನುಗ್ಗಿದಾಗ ಮೊಟ್ಟೆ ಇಡುವ ಜಾತಿ. ನಿಂತ ನೀರಿನ ಕೊಳದಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತವೆ, ಆದರೆ ಇಡುವುದಿಲ್ಲ. ಹಾಗಾಗಿ ಹಿಂದೆ ಹೊಳೆಗೆ ಬಲೆ ಹಾಕಿ ಮರಿ ಹಿಡಿಯಬೇಕಿತ್ತು. ಬೇಕಾದ ಜಾತಿಯ ಜೊತೆ ಬೇಡದ್ದೂ ಬರುತ್ತಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಈ ಗಂಟು ಬಿಡಿಸಿದರು. ಬೇರೆ ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ತೆಗೆದು, ಅರೆದು, ಅದರ ರಸವನ್ನು ಚುಚ್ಚಿ ಇಂಥ ಗೆಂಡೆ (ಕಾರ್ಪ್) ಜಾತಿಯ ಮೀನು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಜುಲೈ 10 ಈಗಲೂ ದೇಶದಲ್ಲಿ ಮೀನು ಕೃಷಿಕರ ದಿನ.

ತೊಂದರೆ ಶುರುವಾಗಿದ್ದು ಈ ಗೆಲುವಿನಿಂದಲೇ. ರೋಹು ತನ್ನ ಒಂದೊಂದು ಕೆಜಿ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ ಕೊಡುತ್ತದೆ. ನಾಲ್ಕು ತಾಯಿ ಮೀನು ಇದ್ದರೆ ಸುತ್ತಲಿನ ಕೆರೆಗಳಿಗೆಲ್ಲ ಮರಿ ಸಾಕು. ಮತ್ತೆ ಜಾಸ್ತಿ ಯಾಕೆ ಸಾಕಬೇಕು, ಅಲ್ವಾ?

ಇಲ್ಲೇ ಎರಡು ಪೆಟ್ಟು ಬೀಳುವುದು. ಮೊದಲನೆಯದು ಸುಲಭಕ್ಕೆ ಕಣ್ಣಿಗೆ ಬೀಳುತ್ತದೆ. ಮರಿ ಕೊಳ್ಳಲು ಬಂದವರು ಚುರುಕಾದ, ಉದ್ದನೆಯ ಮರಿಗಳನ್ನೇ ಕೇಳುತ್ತಾರೆ. ಬಲೆ ಎಳೆದು, ಎಣಿಸಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅವನ್ನು ಕಳಿಸಿಯಾಯಿತು. ಸೀಸನ್ ಮುಗಿದ ಮೇಲೆ ಕೊಳದಲ್ಲಿ ಉಳಿದವನ್ನೇ ಮುಂದಿನ ತಂದೆತಾಯಿ ಅಂತ ಸಾಕುತ್ತಾರೆ. ರಾಗಿಯ ತುಂಬು ತೆನೆಯನ್ನೆಲ್ಲ ಮಾರಿ ಜೊಳ್ಳು ತೆನೆಯನ್ನು ಬಿತ್ತನೆಗೆ ಇಟ್ಟುಕೊಂಡ ಹಾಗೆ. ನಮ್ಮ ಯಾವ ರೈತನೂ ಹಾಗೆ ಮಾಡಲಾರ. ಮೀನಿನಲ್ಲಿ ಮಾತ್ರ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಎರಡನೇ ಪೆಟ್ಟು ಲೆಕ್ಕದೊಳಗೆ ಅಡಗಿ ಕೂತಿದೆ. ನನಗೆ ಇದೇ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಹ್ಯಾಚರಿಯಲ್ಲಿ, ಅಂದರೆ ಮೀನು ಮರಿ ಮಾಡಿ ಮಾರುವ ಕಡೆ, 50 ಹೆಣ್ಣು, 2 ಗಂಡು ಇವೆ ಅನ್ನಿ. ಒಟ್ಟು 52. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಪ್ರತಿ ಮರಿಯ ಅರ್ಧ ಜೀನು ತಂದೆಯದು. ಅಂದರೆ ಇಡೀ ಹ್ಯಾಚರಿಯ ಅರ್ಧದಷ್ಟು ಜೀನು ಆ ಎರಡೇ ಗಂಡಿನಿಂದ ಬರಬೇಕು. ತಳಿಯ ಲೆಕ್ಕಕ್ಕೆ ನಿಜವಾಗಿ ಎಷ್ಟು ಮೀನು ಸಿಗುತ್ತವೆ ಅನ್ನಲು ಒಂದು ಸೂತ್ರ ಇದೆ: ಗಂಡು ಹೆಣ್ಣುಗಳ ಸಂಖ್ಯೆ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ. 400 ಭಾಗಿಸು 52, ಸುಮಾರು 7.7. ಕಣ್ಣಿಗೆ 52 ಕಂಡರೂ ತಳಿಯ ಲೆಕ್ಕದಲ್ಲಿ ಅವು ಎಂಟು ಮೀನೂ ಅಲ್ಲ! 1ನ್ನು ಇದರ ಎರಡರಷ್ಟರಿಂದ ಭಾಗಿಸಿದರೆ, ತಲೆಮಾರಿಗೆ ಒಳಸಂಬಂಧ, ಅಂದರೆ ಹತ್ತಿರದ ನೆಂಟರ ನಡುವೆಯೇ ಮರಿಯಾಗುವುದು, ಶೇಕಡಾ 6.5ರಷ್ಟು ಏರುತ್ತದೆ. ಅಣ್ಣ ತಂಗಿ ಕೂಡಿ ಮರಿಯಾಗುತ್ತಾ ಹೋದರೆ ಬೆಳವಣಿಗೆ ಕುಂಠಿತವಾಗುತ್ತದೆ, ಮರಿಗಳು ಹೆಚ್ಚು ಸಾಯುತ್ತವೆ, ಬೆನ್ನು ಡೊಂಕಾದವು ಹುಟ್ಟುತ್ತವೆ.

ಇದು ಸುಮ್ನೆ ಕಾಗದದ ಮೇಲಿನ ಭಯ ಅಲ್ಲ. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಎಂಬ ವಿಜ್ಞಾನಿಗಳು ನಮ್ಮ ಕರ್ನಾಟಕದ ಹ್ಯಾಚರಿಗಳಲ್ಲೇ ಈ ಲೆಕ್ಕ ಹಾಕಿ 1990ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೆ ಸಿಗುವ ತಂದೆತಾಯಿಗಳು 3ರಿಂದ 30. ಒಳಸಂಬಂಧದ ಏರಿಕೆ ಶೇಕಡಾ 2ರಿಂದ 17. ಏಕನಾಥ್ ಮುಂದೆ ಫಿಲಿಪ್ಪೀನ್ಸ್‌ನಲ್ಲಿ ತಿಲಾಪಿಯಾ ಎಂಬ ಆಫ್ರಿಕಾ ಮೂಲದ ಮೀನಿನ ತಳಿ ಸುಧಾರಿಸುವ 'ಗಿಫ್ಟ್' ಯೋಜನೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಈಜಿಪ್ಟ್, ಘಾನಾ, ಕೀನ್ಯಾ, ಸೆನೆಗಲ್‌ನ ಕಾಡು ಮೀನುಗಳನ್ನು ತಂದು, ಏಷ್ಯಾದ ಸಾಕುತಳಿಗಳ ಜೊತೆ ಬೆರೆಸಿ ಹೊಸ ತಳಿ ಕಟ್ಟಿದರು.

ಇದೇ ದಾರಿಯಲ್ಲಿ 1992ರಲ್ಲಿ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ, ಅಂದರೆ ಸಿಫಾ, ನಾರ್ವೆಯವರ ಜೊತೆ ಸೇರಿ ರೋಹು ತಳಿ ಸುಧಾರಣೆಗೆ ಕೈ ಹಾಕಿತು. ಸಾಲ್ಮನ್ ಮೀನಿನ ತಳಿ ಸುಧಾರಣೆಯಲ್ಲಿ ನಾರ್ವೆಯವರು 1970ರ ದಶಕದಿಂದಲೇ ಪಳಗಿದ್ದರು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ಹೊಳೆಗಳ ರೋಹು ತಂದು ಸಿಫಾದ ಮೀನಿನ ಜೊತೆ ಬೆರೆಸಿದರು. ಪ್ರತಿ ಕುಟುಂಬದ ಮರಿಗಳನ್ನು ಬೇರೆ ಬೇರೆ ಸಾಕಿ, ಸ್ವಲ್ಪ ಬೆಳೆದ ಮೇಲೆ ಹೊಟ್ಟೆಯೊಳಗೆ ಒಂದು ಸೆಂಟಿಮೀಟರ್ ಚಿಲ್ಲರೆ ಉದ್ದದ ಚಿಪ್ ಸೇರಿಸಿದರು. ಆಮೇಲೆ ಎಲ್ಲವನ್ನೂ ಒಂದೇ ಕೊಳಕ್ಕೆ ಬಿಟ್ಟರು. ನೀರು ಒಂದೇ, ಮೇವು ಒಂದೇ. ಹಿಡಿದಾಗ ಚಿಪ್ ಓದಿದರೆ ಯಾರ ಮಕ್ಕಳು ಅಂತ ಗೊತ್ತಾಗುತ್ತದೆ. ಮೇವು ಜಾಸ್ತಿ ತಿಂದು ದಪ್ಪ ಆಗಿದ್ದು ಯಾವುದು, ವಂಶದಿಂದ ದಪ್ಪ ಆಗಿದ್ದು ಯಾವುದು ಎಂದು ಬೇರ್ಪಡಿಸಲು ಇಷ್ಟೆಲ್ಲ ಬೇಕು. 1997ರಲ್ಲಿ, ಸ್ವಾತಂತ್ರ್ಯದ 50ನೇ ವರ್ಷದಲ್ಲಿ, ಜಯಂತಿ ರೋಹು ಹೊರಬಂತು. ತಲೆಮಾರಿಗೆ ಬೆಳವಣಿಗೆ ಸುಮಾರು ಶೇಕಡಾ 17 ಹೆಚ್ಚಿತ್ತು. ಹೊರಗಿನ ಜೀನು ತುರುಕಿಲ್ಲ, ಬರೀ ಆಯ್ಕೆ.

ಬೆಳವಣಿಗೆಯನ್ನಾದರೆ ತಕ್ಕಡಿಯಲ್ಲಿ ತೂಗಬಹುದು. ರೋಗ ತಡೆಯುವ ಶಕ್ತಿಯನ್ನು ಹೇಗೆ ಅಳೆಯುವುದು? ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ಪ್ರತಿ ಕುಟುಂಬದ ಕೆಲವು ಮರಿಗಳಿಗೆ ತಗುಲಿಸಿ, ಯಾರ ಮನೆಯಲ್ಲಿ ಸಾವು ಕಡಿಮೆ ಅಂತ ನೋಡುತ್ತಾರೆ. ಆ ಮನೆಯ, ರೋಗ ಸೋಕದ ಒಡಹುಟ್ಟಿದವು ಮುಂದಿನ ತಂದೆತಾಯಿ. ಸ್ವಲ್ಪ ಕಟುಕ ಕೆಲಸ ಅನ್ನಿಸಬಹುದು. ಆದರೆ ಆಮೇಲೆ ಕೊಳಕ್ಕೆ ಸುರಿಯುವ ಔಷಧಿ ಕಡಿಮೆ ಆಗುತ್ತದೆ.

ಇಷ್ಟಾದರೂ ಜಯಂತಿ ಮರಿ ತಂದ ಹ್ಯಾಚರಿ ಮತ್ತೆ ಉಳಿದ ಮೀನನ್ನೇ ತಾಯಿ ಮಾಡಿಕೊಂಡರೆ ಸುಧಾರಣೆ ಕರಗಿಹೋಗುತ್ತದೆ. ಮರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆರೆಗೆ ಮರಿ ಬಿಡುವವರು ರೇಟಿನ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಬೇಕು: ತಂದೆತಾಯಿ ಮೀನನ್ನು ಎಲ್ಲಿಂದ, ಯಾವ ವರ್ಷ ತಂದಿದ್ದು? ಗಂಡು ಎಷ್ಟಿವೆ?