ಖಾಲಿ ಎಂದುಕೊಂಡ ನೆಲದಲ್ಲಿ ಎಷ್ಟು ಬಗೆ ಹಸಿರು?

ಅಲಾಸ್ಕಾದ ವಾಯವ್ಯ ತೀರದಲ್ಲಿ ಕೇಪ್ ಥಾಂಪ್ಸನ್ ಎಂಬ ಜಾಗವಿದೆ. ಅಲ್ಲಿ ಮರ ಬೆಳೆಯುವುದಿಲ್ಲ. ಹುಲ್ಲು, ಗಿಡ್ಡ ವಿಲ್ಲೋ ಪೊದೆ, ಕಲ್ಲುಹೂವು, ಅಷ್ಟೇ. 1958ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಇಲ್ಲಿ ಅಣುಬಾಂಬ್ ಸಿಡಿಸಿ ಬಂದರು ತೋಡಲು ಹೊರಟಿತು. ಯೋಜನೆಯ ಹೆಸರು ಪ್ರಾಜೆಕ್ಟ್ ಚಾರಿಯಟ್. ದೂರದಲ್ಲಿ ಕೂತು ನಕ್ಷೆ ನೋಡುವವರಿಗೆ ಅದು ಖಾಲಿ ನೆಲ. ಆದರೆ ಸುಮಾರು 50 ಕಿ.ಮೀ. ಆಚೆ ಪಾಯಿಂಟ್ ಹೋಪ್ ಎಂಬ ಹಳ್ಳಿ ಇತ್ತು, ಅಲ್ಲಿ ಇನ್ಯುಪಿಯಾಟ್ ಎಂಬ ಮೂಲನಿವಾಸಿ ಜನ ಇದ್ದರು.

ಈ ಯೋಜನೆಗಾಗಿ ಅಲ್ಲಿನ ಗಿಡಗಳ ಸಮೀಕ್ಷೆಗೆ ಹೋದವರಲ್ಲಿ ಸಸ್ಯವಿಜ್ಞಾನಿ ಲೆಸ್ಲಿ ವಿಯರೆಕ್ ಒಬ್ಬರು. ಕಲ್ಲುಹೂವು ತನಗೆ ಬೇಕಾದದ್ದನ್ನು ಬಹುಪಾಲು ಗಾಳಿ, ಮಳೆಯಿಂದಲೇ ಹೀರಿಕೊಳ್ಳುತ್ತದೆ. ಬಾಂಬಿನ ವಿಕಿರಣ ಧೂಳು ಬಿದ್ದರೆ ಅದನ್ನೂ ಹೀರುತ್ತದೆ. ಆ ಕಲ್ಲುಹೂವನ್ನು ಕ್ಯಾರಿಬೂ ಜಿಂಕೆ ಮೇಯುತ್ತದೆ, ಕ್ಯಾರಿಬೂವನ್ನು ಜನ ತಿನ್ನುತ್ತಾರೆ. ಹೀಗಿರುವಾಗ ಆ ನೆಲವನ್ನು ಖಾಲಿ ಅನ್ನುವುದು ಹೇಗೆ? ವಿಯರೆಕ್ 1960ರ ಕೊನೆಯಲ್ಲಿ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅಲಾಸ್ಕಾ ವಿಶ್ವವಿದ್ಯಾಲಯದಲ್ಲಿ ಇದ್ದ ಕೆಲಸವೂ ಹೋಯಿತು. ಹಳ್ಳಿಯವರು ಪಟ್ಟು ಬಿಡಲಿಲ್ಲ. 1962ರಲ್ಲಿ ಯೋಜನೆ ಮೂಲೆ ಸೇರಿತು. ಅದೇ ವಿಶ್ವವಿದ್ಯಾಲಯ ವಿಯರೆಕ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1993ರಲ್ಲಿ.

ಉತ್ತರದ ಕಾಡಿಗೆ ಬಗೆಬಗೆಯ ಹೆಸರಿಡುವ ಕೆಲಸ ಈ ಸಮೀಕ್ಷೆಗಿಂತ ಹಳೆಯದು. 1909ರಲ್ಲಿ ಫಿನ್ಲೆಂಡಿನ ಅರಣ್ಯವಿಜ್ಞಾನಿ ಎ. ಕೆ. ಕಾಯಾಂಡರ್ ಒಂದು ಸರಳ ಮಾತು ಹೇಳಿದರು: ಮರ ನೋಡಬೇಡಿ, ಮರದ ಬುಡದಲ್ಲಿರುವ ಗಿಡ ನೋಡಿ. ಮರವನ್ನು ಕಡಿಯುತ್ತಾರೆ, ಬೇರೆಯದನ್ನು ನೆಡುತ್ತಾರೆ. ಆದರೆ ಮಣ್ಣಿನ ಕಸುವು ಎಷ್ಟು ಎಂದು ಕೆಳಗಿನ ಗಿಡ ಹೇಳುತ್ತದೆ. ಬಿಲ್ಬೆರಿ ಎಂಬ ಹಣ್ಣಿನ ಗಿಡ ಹರಡಿದ್ದರೆ ಒಂದು ಬಗೆ, ಒಣನೆಲದ ಹೀದರ್ ಪೊದೆ ಇದ್ದರೆ ಇನ್ನೊಂದು, ಬರೀ ಕಲ್ಲುಹೂವಾದರೆ ತೀರಾ ಬಡ ಮಣ್ಣು. ಕಾಯಾಂಡರ್ ಮುಂದೆ ಮೂರು ಸಲ ಫಿನ್ಲೆಂಡಿನ ಪ್ರಧಾನಿಯಾದರು. ನನಗೆ ಮಾತ್ರ ಅವರ ಈ ಗಿಡದ ಲೆಕ್ಕವೇ ದೊಡ್ಡದು ಅನ್ನಿಸುತ್ತದೆ.

ಅಲಾಸ್ಕಾದಲ್ಲಿ ದಾರಿ ಬೇರೆಯಾಯಿತು. ಅಲ್ಲಿನ ಕಾಡಿಗೆ ಆಗಾಗ ಬೆಂಕಿ ಬೀಳುತ್ತದೆ. ಸೂಜಿ ಎಲೆಯ ಸ್ಪ್ರೂಸ್ ಮರ ಸುಟ್ಟುಹೋದ ಕಡೆ ಎಷ್ಟೋ ಸಲ ಮೊದಲು ಅಗಲ ಎಲೆಯ ಬರ್ಚ್, ಆಸ್ಪೆನ್ ಮರಗಳು ಮೇಲೇಳುತ್ತವೆ. ಮತ್ತೆ ಸ್ಪ್ರೂಸ್ ತಲೆ ಎತ್ತಲು ದಶಕಗಳೇ ಬೇಕು. ಹಾಗಾಗಿ ಮುಂದೆ ಏನು ಬೆಳೆಯಬಹುದು ಎಂದು ನೋಡದೆ, ಇವತ್ತು ಏನಿದೆಯೋ ಅದನ್ನೇ ಬರೆಯೋಣ ಎಂದು ವಿಯರೆಕ್ ಮತ್ತು ಜೊತೆಗಾರರು ತೀರ್ಮಾನಿಸಿದರು. ಅಮೆರಿಕದ ಅರಣ್ಯ ಇಲಾಖೆಗಾಗಿ 1976ರಲ್ಲಿ ಶುರುವಾದ ಈ ಕೆಲಸ 1992ರಲ್ಲಿ ಪೂರ್ತಿ ರೂಪದಲ್ಲಿ ಅಚ್ಚಾಯಿತು. ಮೊದಲು 888 ಸಸ್ಯ ಸಮುದಾಯಗಳನ್ನು ಪಟ್ಟಿ ಮಾಡಿದರು. ಅವನ್ನು ಗುಂಪು ಕಟ್ಟುತ್ತಾ ಐದು ಹಂತ ಮಾಡಿದರು. ಎಲ್ಲಕ್ಕಿಂತ ಮೇಲೆ ಮೂರೇ ಗುಂಪು: ಕಾಡು, ಪೊದೆ, ಹುಲ್ಲು-ಪಾಚಿಯಂಥ ಮೆದು ಗಿಡ.

ಗೆರೆ ಎಲ್ಲಿ ಎಳೆಯುವುದು ಎಂಬುದೇ ಕಷ್ಟದ ಪ್ರಶ್ನೆ ಅಲ್ವಾ? ನೂರರಲ್ಲಿ ಹತ್ತು ಪಾಲು ನೆಲವನ್ನು ಮರದ ನೆರಳು ಮುಚ್ಚಿದ್ದರೆ ಅದು ಕಾಡು. ಆದರೆ ಸದಾ ಹೆಪ್ಪುಗಟ್ಟಿದ ನೆಲದ ಮೇಲೆ ಕಪ್ಪು ಸ್ಪ್ರೂಸ್ ಎಷ್ಟು ವಯಸ್ಸಾದರೂ ಎತ್ತರಕ್ಕೆ ಹೋಗದೇ ಇರಬಹುದು. ಪೂರ್ತಿ ಬೆಳೆದ ಮೇಲೂ 3 ಮೀಟರ್ ಮುಟ್ಟದ ಮರಗಳನ್ನು ಕುಳ್ಳ ಮರವೆಂದು ಪೊದೆಯ ಗುಂಪಿಗೇ ಸೇರಿಸಿದರು. ಪೊದೆಯಲ್ಲೂ ಅಳತೆಯುಂಟು. 1.5 ಮೀಟರಿಗಿಂತ ಜಾಸ್ತಿ ಇದ್ದರೆ ಎತ್ತರದ ಪೊದೆ, 20 ಸೆಂ.ಮೀ.ಗಿಂತ ಕಡಿಮೆಯಾದರೆ ಕುಳ್ಳ ಪೊದೆ.

2003ರಲ್ಲಿ ವಿಜ್ಞಾನಿ ಡೊನಾಲ್ಡ್ ವಾಕರ್ ಮುಂದಾಳತ್ವದಲ್ಲಿ ಹಲವು ದೇಶದವರು ಸೇರಿ ಇಡೀ ಆರ್ಕ್ಟಿಕ್ ಟಂಡ್ರಾದ, ಅಂದರೆ ಮರವಿಲ್ಲದ ಉತ್ತರದ ಚಳಿನೆಲದ, ಸಸ್ಯ ನಕ್ಷೆ ಹೊರತಂದರು. 71 ಲಕ್ಷ ಚದರ ಕಿ.ಮೀ. ಜಾಗಕ್ಕೆ 15 ಬಗೆಯ ಹಸಿರು. ಒಂದೇ ನಕ್ಷೆಯಲ್ಲಿ ಸೈಬೀರಿಯಾದಿಂದ ಗ್ರೀನ್‌ಲ್ಯಾಂಡ್‌ವರೆಗೆ ಒಂದೇ ಭಾಷೆಯ ಹೆಸರುಗಳು.

ಈಗ ತಾಪಮಾನ ಏರುತ್ತಿದೆ. ಟಂಡ್ರಾದಲ್ಲಿ ಹಲವು ಕಡೆ ವಿಲ್ಲೋ, ಆಲ್ಡರ್ ಪೊದೆಗಳು ದಟ್ಟವಾಗುತ್ತಿವೆ, ಎತ್ತರವೂ ಆಗುತ್ತಿವೆ. ಮೊನ್ನೆಯವರೆಗೆ 18 ಸೆಂ.ಮೀ. ಇದ್ದ ಕುಳ್ಳ ಬರ್ಚ್ 22 ಸೆಂ.ಮೀ. ಆದರೆ ಸಾಕು, ಅಲಾಸ್ಕಾದ ಪಟ್ಟಿಯಲ್ಲಿ ಆ ನೆಲದ ಹೆಸರೇ ಬದಲಾಗುತ್ತದೆ. ಸಮೀಕ್ಷೆಗೆ ಹೋದವರು ಅಳತೆಪಟ್ಟಿ ಹಿಡಿದು, ಮಂಡಿಯೂರಿ, ಅದನ್ನು ಹೊಸ ಕಾಲಮ್ಮಿನಲ್ಲಿ ಬರೆದುಕೊಳ್ಳಬೇಕು.