ಬಾಯಲ್ಲಿ ಬರುತ್ತೆ, ಬರೆಯೋಕೆ ಬರಲ್ಲ

"ಬಾಯಲ್ಲಿ ಎಲ್ಲಾ ಹೇಳ್ತಾಳೆ ಮೇಡಂ, ಬರೆಯೋಕೆ ಮಾತ್ರ ಸೋಮಾರಿತನ." ಓದು ಬರಹದಲ್ಲಿ ತೊಡಕಿರುವ ಮಗುವನ್ನು ನನ್ನ ಹತ್ತಿರ ಕರೆತರುವ ಎಷ್ಟೋ ಅಪ್ಪ ಅಮ್ಮಂದಿರು ಕೂರುವ ಮೊದಲೇ ಹೇಳುವ ಮಾತಿದು. ಅವರಿಗೆ ಅದು ದೂರು, ನನಗೆ ಮೊದಲ ಸುಳಿವು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಚುರುಕು ಹುಡುಗ, ಲೆಕ್ಕ ಸಲೀಸು, ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿಸಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರು. ಇಂಥ ತೊಂದರೆಯನ್ನು ಈಗ ಡಿಸ್ಲೆಕ್ಸಿಯಾ ಎನ್ನುತ್ತೇವೆ.

ಮಾತು ಕೇಳುತ್ತಾ ಕೇಳುತ್ತಾ ತಾನಾಗಿ ಬರುತ್ತದೆ. ಓದು ಹಾಗಲ್ಲ. ಅಕ್ಷರವನ್ನು ಅದರ ಸದ್ದಿಗೆ ಹೊಂದಿಸುವುದನ್ನು ಮಿದುಳು ಕಲಿಯಬೇಕು. ಉಳಿದ ಮಕ್ಕಳಿಗೆ ಅದು ಅಭ್ಯಾಸವಾಗಿ ಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಕ್ಕಳು ಮಾತ್ರ ನಿನ್ನೆ ಓದಿದ ಪದವನ್ನೇ ಇವತ್ತೂ ಹೊಸದೆಂಬಂತೆ ಬಿಡಿಸುತ್ತಾರೆ. ಗಮನವೆಲ್ಲ ಅಲ್ಲೇ ಖರ್ಚಾಗಿ, ಸಾಲು ಮುಗಿಯುವಷ್ಟರಲ್ಲಿ ಅದರ ಆರಂಭವೇ ಮರೆತಿರುತ್ತದೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಒಂದೇ ಪುಟದಲ್ಲಿ 'ಪುಸ್ತಕ'ವನ್ನು 'ಪುಸತಕ', 'ಪುತ್ಸಕ', 'ಪುಸ್ಕತ' ಎಂದು ಬರೆದಿದ್ದಳು. "ನೋಡಿ, ಗಮನವೇ ಇಲ್ಲ" ಎಂದರು ತಾಯಿ. ನಾಲ್ಕು ಸಾಲಿನ ಕಥೆ ಓದಿಸಿದೆ. ಬೆರಳಿಟ್ಟು ಓದುತ್ತಾ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೇಲ್ದುಟಿಯ ಮೇಲೆ ಬೆವರು. ಕಥೆಯಲ್ಲಿ ಯಾರು ಬಂದರೆಂದರೆ ನೆನಪಿಲ್ಲ. ಅಷ್ಟೇ ಉದ್ದದ ಇನ್ನೊಂದು ಕಥೆಯನ್ನು ನಾನೇ ಓದಿ ಹೇಳಿದೆ. ಯಾರು ಬಂದರು ಎಂಬುದಷ್ಟೇ ಅಲ್ಲ, ಏಕೆ ಸುಳ್ಳು ಹೇಳಿದರು ಎಂಬುದನ್ನೂ ಬಿಡಿಸಿ ಹೇಳಿದಳು. ತಾಯಿ ಮೆಲ್ಲಗೆ, "ತಪ್ಪಾದ ಪದವನ್ನೆಲ್ಲ ದಿನಾ ಇಪ್ಪತ್ತು ಸಲ ಬರೆಸ್ತಿದ್ದೆ" ಎಂದರು.

ಆ ಇಪ್ಪತ್ತು ಸಲವನ್ನು ದಯವಿಟ್ಟು ನಿಲ್ಲಿಸಿ. ಕೈ ನೋಯುತ್ತದೆಯೇ ಹೊರತು ಸದ್ದು ಅಕ್ಷರಕ್ಕೆ ಅಂಟುವುದಿಲ್ಲ.

ಹಾಗೆಂದು ಬರೆಯಲು ಹಿಂಜರಿಯುವ ಮಕ್ಕಳಿಗೆಲ್ಲ ಇದೇ ತೊಂದರೆ ಎಂದು ನಾನು ಹೇಳುತ್ತಿಲ್ಲ. ಮೊದಲು ಕಣ್ಣು, ಕಿವಿ ತೋರಿಸಿ. ನಿದ್ದೆ ಸಾಲದಿರಬಹುದು, ತರಗತಿಯಲ್ಲಿ ಯಾವುದೋ ಭಯವಿರಬಹುದು. ಸರಿಯಾಗಿ ಕಲಿಸಿಯೇ ಇರದ ಮಕ್ಕಳೂ ನನ್ನ ಹತ್ತಿರ ಬಂದಿದ್ದಾರೆ. ಪರೀಕ್ಷಿಸದೆ ಹೆಸರು ಕೊಡುವುದು ತಪ್ಪು. ಆದರೆ ಸೋಮಾರಿತನ ಎಂಬುದೂ ಪರೀಕ್ಷಿಸದೆ ಕೊಟ್ಟ ಹೆಸರೇ.

ಆ ಹುಡುಗಿ ಈಗ ವಾರಕ್ಕೆರಡು ದಿನ ಬರುತ್ತಾಳೆ. ಪದದ ಸದ್ದುಗಳನ್ನು ಬಿಡಿಸುವುದು, ಜೋಡಿಸುವುದು, ಮತ್ತೆ ಬಿಡಿಸುವುದು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ವಿಜ್ಞಾನದ ಪಾಠವನ್ನು ಮನೆಯಲ್ಲಿ ತಾಯಿಯೇ ಓದಿ ಹೇಳುತ್ತಾರೆ, ಉತ್ತರವನ್ನು ಬಾಯಲ್ಲೇ ಕೇಳುತ್ತಾರೆ. ಒತ್ತಕ್ಷರ ಇನ್ನೂ ತಪ್ಪುತ್ತದೆ. ಬೆವರುವುದು ನಿಂತಿದೆ.